ನಿರೀಕ್ಷೆಯ ವಿಳಾಸ

ಅಕ್ಟೋಬರ್ ನಡುವಿನಲ್ಲಿ ರಣಜಿ ಋತು ಆರಂಭವಾಗುತ್ತದೆ. ಕರ್ನಾಟಕ ತಂಡ ಕೊನೆಯ ಸಲ ರಣಜಿ ಗೆದ್ದದ್ದು 2015ರಲ್ಲಿ. ಈ ಎರಡು ಸಂಗತಿಗಳನ್ನು ದೆಹಲಿ ಕನ್ನಡಿಗರ ಯಾವ ಕೂಟದಲ್ಲಿ ಬೇಕಾದರೂ ಪ್ರಸ್ತಾಪಿಸಿ ನೋಡಿ. ಸೌಜನ್ಯಕ್ಕೊಂದು "ಹೌದೇ?" ಬಿಟ್ಟರೆ ಬೇರೆ ಪ್ರತಿಕ್ರಿಯೆ ಬಾರದು. ಅದೇ, ಆರ್‌ಸಿಬಿ ಮುಂದಿನ ಸಲಕ್ಕೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಹರಾಜಿಗೆ ಬಿಡಬೇಕು ಎಂದು ಕೇಳಿ; ಎಲೆಯ ಮೇಲಿನ ಹೋಳಿಗೆ ತಣ್ಣಗಾಗುವವರೆಗೂ ವಾದ ನಿಲ್ಲುವುದಿಲ್ಲ. ಬೇಸಿಗೆಯ ಪಂದ್ಯಾವಳಿಯ ಲೆಕ್ಕಾಚಾರ ಗಣೇಶನ ಹಬ್ಬದಲ್ಲಿಯೇ ಮುಗಿದಿರುತ್ತದೆ. ಹೊಸ್ತಿಲಲ್ಲಿ ನಿಂತಿರುವ ಋತುವಿನ ಬಗ್ಗೆ ಮಾತ್ರ ನಮಗೆ ಯಾವ ನಿರೀಕ್ಷೆಯೂ ಇಲ್ಲ.

ಈ ಆರೋಪದಿಂದ ನಾವು ಹೊರತಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ 6 ರನ್ನುಗಳಿಂದ ಪಂಜಾಬನ್ನು ಸೋಲಿಸಿದಾಗ ನಾವೂ ಸರ್ಕಾರಿ ಕ್ವಾರ್ಟರ್ಸಿನ ಮೆಟ್ಟಿಲು ಮೆಟ್ಟಿಲು ಹತ್ತಿ ಪಂಜಾಬಿ ನೆರೆಹೊರೆಯವರಿಗೆ ಪೇಡ ಹಂಚಿದವರೇ. 2009, 2011, 2016ರ ಫೈನಲ್ ಸೋಲುಗಳನ್ನು ಅವರಿಗೆ ಇಸವಿ ಸಮೇತ ಒಪ್ಪಿಸಿದವರೇ. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ತಪ್ಪು ಯಾರದೆಂಬುದನ್ನು ತೀರ್ಮಾನಿಸಲು ವಿಚಾರಣೆಗಳಿವೆ, ನ್ಯಾಯಾಲಯಗಳಿವೆ. ಸತ್ತವರದಂತೂ ಅಲ್ಲ. ಆದರೆ ಮೂರೇ ತಿಂಗಳಲ್ಲಿ ನಮ್ಮ ಕೂಟಗಳಲ್ಲಿ ಮತ್ತೆ ಅದೇ ಘೋಷಣೆ, ಅದೇ ಕೆಂಪು ಅಂಗಿ, ಅದೇ ಲೆಕ್ಕಾಚಾರ ಶುರುವಾದುದನ್ನು ಕಂಡಾಗ, ಈ ನಿರೀಕ್ಷೆಯೆಂಬುದು ನಿಜಕ್ಕೂ ಏನು ಎಂದು ಕೇಳಿಕೊಳ್ಳದೆ ಇರಲಾಗಲಿಲ್ಲ.

"ಈ ಸಲ ಕಪ್ ನಮ್ದೇ" ಎಂಬುದರಲ್ಲಿ ನಿರೀಕ್ಷೆಗಿಂತ ಹಕ್ಕುಸಾಧನೆಯೇ ಹೆಚ್ಚು. ನಿರೀಕ್ಷಿಸುವವನಿಗೆ ತಾನು ಏನನ್ನು, ಯಾರಿಂದ, ಯಾವ ಆಧಾರದ ಮೇಲೆ ಬಯಸುತ್ತಿದ್ದೇನೆಂಬ ಅರಿವಿರಬೇಕು. ಹಕ್ಕು ಸಾಧಿಸುವವನಿಗೆ ಅದರ ಅಗತ್ಯವಿಲ್ಲ. ಈ "ನಮ್ದೇ"ಯ ಲೆಕ್ಕವನ್ನು ಒಮ್ಮೆ ತೆಗೆಯೋಣ. ಆ ಫೈನಲ್ಲಿನಲ್ಲಿ ಆಡಿದ ಆರ್‌ಸಿಬಿಯ ಹನ್ನೊಂದು ಮಂದಿಯಲ್ಲಿ ಕರ್ನಾಟಕದ ಪರವಾಗಿ ರಣಜಿ ಆಡುವವರು ಒಬ್ಬರೇ, ಮಯಂಕ್ ಅಗರ್ವಾಲ್. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಅವರ ಬದಲಿಗೆ ಕೊನೆಯ ಹಂತದಲ್ಲಿ ಬಂದವರು. ಎದುರಾಳಿ ತಂಡದಲ್ಲಿಯೂ ನಮ್ಮ ಹುಡುಗನೊಬ್ಬನಿದ್ದ. ಅಂದು ಪಂಜಾಬಿನ ಪರ ನಾಲ್ಕು ಓವರ್ ಎಸೆದ ವೈಶಾಖ್ ವಿಜಯಕುಮಾರ್ ಬೆಂಗಳೂರಿನವರು. ಅವರ ಎಸೆತಕ್ಕೆ ಬೌಂಡರಿ ಹೋದಾಗಲೆಲ್ಲ ನಾವು ಕುಣಿದೆವು. ಆ ಋತುವಿನಲ್ಲಿ ಅತಿ ಹೆಚ್ಚು, ಅಂದರೆ 25 ವಿಕೆಟ್ ಪಡೆದ ಪ್ರಸಿದ್ಧ ಕೃಷ್ಣ ಗುಜರಾತಿನ ತಂಡದಲ್ಲಿದ್ದರು. ಏಪ್ರಿಲಿನಲ್ಲಿ ದೆಹಲಿಯ ಪರ ಚಿನ್ನಸ್ವಾಮಿಯಲ್ಲಿ ಅಜೇಯ 93 ಹೊಡೆದು ಪಂದ್ಯ ಗೆಲ್ಲಿಸಿದ ಕೆ.ಎಲ್. ರಾಹುಲ್, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಮೈದಾನ ಎಂದು ಸನ್ನೆ ಮಾಡಿದಾಗ, ಸುತ್ತ ಕುಳಿತಿದ್ದ ಕೆಂಪು ಅಂಗಿಯವರು ಅವರು ಸೋಲಲೆಂದು ಬಂದವರಾಗಿದ್ದರು.

ಇದು ಭಾಷಾಭಿಮಾನದ ಸಂಕುಚಿತತೆ, ಫ್ರಾಂಚೈಸಿಗೂ ಮೀಸಲಾತಿ ಕೇಳುತ್ತಿದ್ದಾರೆ ಎನ್ನುವವರಿದ್ದಾರೆ. ಪರರಾಜ್ಯದ ಉಪ್ಪುಂಡು ಬದುಕುವ ನಾವು ಆ ಮಾತು ಆಡಲಾರೆವು. ನಮ್ಮ ಮಕ್ಕಳೇ ನಾಳೆ ದೆಹಲಿಗೋ ಮುಂಬೈಗೋ ಆಡಬೇಕಾದವರು. ಅಲ್ಲದೆ ಕರ್ನಾಟಕ ತಂಡವೇನು ರಕ್ತಸಂಬಂಧದ ಮೇಲೆ ಕಟ್ಟಿದ್ದೇ? ದ್ರಾವಿಡ್ ಹುಟ್ಟಿದ್ದು ಇಂದೋರಿನಲ್ಲಿ, ಮನೀಶ್ ಪಾಂಡೆ ನೈನಿತಾಲಿನಲ್ಲಿ, ಕರುಣ್ ನಾಯರ್ ಜೋಧಪುರದಲ್ಲಿ. ಅವರನ್ನು ಕರ್ನಾಟಕದವರನ್ನಾಗಿ ಮಾಡಿದ್ದು ಅವರು ಆಡುತ್ತಾ ಬೆಳೆದ ಶಾಲೆಯ ಮೈದಾನ, ಕ್ಲಬ್ಬಿನ ನೆಟ್ಸ್, ವಯೋಮಿತಿಯ ತಂಡಗಳು. ಕೊಹ್ಲಿ 2008ರಿಂದ ಒಂದೇ ತಂಡಕ್ಕೆ ನಿಂತದ್ದು ದೊಡ್ಡ ಮಾತೇ, ಅದಕ್ಕೆ ನಮ್ಮ ಗೌರವವಿದೆ. ನಮ್ಮ ತಕರಾರು ಬೇರೆ. ಹರಾಜಿನಲ್ಲಿ ಕಟ್ಟುವ ತಂಡವನ್ನು ನಮ್ಮ ನಿರೀಕ್ಷೆ ಯಾವ ರೀತಿಯಲ್ಲಿಯೂ ಮುಟ್ಟುವುದಿಲ್ಲ. ಅಲ್ಲಿ ನಾವು ಗ್ರಾಹಕರು. ರಾಜ್ಯದ ತಂಡವಾದರೋ ಹುಬ್ಬಳ್ಳಿಯಲ್ಲಿ, ಶಿವಮೊಗ್ಗದಲ್ಲಿ, ಮೈಸೂರಿನಲ್ಲಿ ಮೈದಾನ ಹೇಗಿದೆ, ಅಲ್ಲಿನ ಹುಡುಗನಿಗೆ ಅವಕಾಶ ಸಿಕ್ಕಿತೇ ಎಂಬುದರ ಮೇಲೆ ನಿಲ್ಲುತ್ತದೆ. ಅಲ್ಲಿ ಕೇಳುವವರಿದ್ದರೆ ಉತ್ತರ ಕೊಡಬೇಕಾದವರಿದ್ದಾರೆ.

2015ರ ಮಾರ್ಚಿನಲ್ಲಿ ನಾವು ವರ್ಗಾವಣೆಯ ಮೇಲೆ ಮುಂಬೈಯಲ್ಲಿದ್ದೆವು. ರಣಜಿ ಫೈನಲ್ ವಾಂಖೆಡೆಯಲ್ಲಿತ್ತು, ಕರ್ನಾಟಕ ಮತ್ತು ತಮಿಳುನಾಡಿನ ನಡುವೆ. ಮೊದಲ ದಿನ ಭಾನುವಾರ. ವಿನಯ್ ಕುಮಾರ್ ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಮುಗಿಸಿದರು. ಆಮೇಲೆ ನಮ್ಮದೇ ಐದು ವಿಕೆಟ್ 84ಕ್ಕೆ ಉದುರಿದವು. ಸೋಮವಾರ ಕಚೇರಿಗೆ ಹೋಗದೆ ಆಕಸ್ಮಿಕ ರಜೆಯ ಅರ್ಜಿ ಕಳಿಸಿದೆವು. ಕಾರಣ ಎಂಬ ಕಾಲಮ್ಮಿನಲ್ಲಿ "ಮನೆಯ ಕೆಲಸ" ಎಂದು ಬರೆದದ್ದು ಇಂದಿಗೂ ಸುಳ್ಳೆನಿಸಿಲ್ಲ. ಕರುಣ್ ನಾಯರ್ ಮತ್ತು ರಾಹುಲ್ ಆರನೆಯ ವಿಕೆಟ್ಟಿಗೆ 386 ರನ್ ಸೇರಿಸಿದರು. ರಾಹುಲ್ 188. ಕರುಣ್ 328, ರಣಜಿ ಫೈನಲ್ಲಿನ ಇತಿಹಾಸದಲ್ಲೇ ಅತ್ಯಧಿಕ. ನಮ್ಮ ಗ್ಯಾಲರಿಯಲ್ಲಿ ಎಣಿಸಿದರೆ ನಲವತ್ತು ಜನ. ಮಾಟುಂಗದಿಂದ ಬಂದಿದ್ದ ಹಿರಿಯರೊಬ್ಬರು 1974ರಲ್ಲಿ ಪ್ರಸನ್ನರ ತಂಡ ಸತತ ಹದಿನೈದು ಸಲದ ಚಾಂಪಿಯನ್ ಬಾಂಬೆಯನ್ನು ಸೆಮಿಫೈನಲ್ಲಿನಲ್ಲಿ ಹೊರದಬ್ಬಿದ ಕಥೆಯನ್ನು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ ಎಸೆತದವರೆಗೂ ಬಿಡಿಸಿ ಹೇಳಿದರು. ಚಕ್ಕುಲಿಯನ್ನೂ ಕೊಟ್ಟರು. ಮುಂಬೈಯ ಲಕ್ಷಾಂತರ ಕನ್ನಡಿಗರ ಪೈಕಿ ಆ ದಿನ ಅಲ್ಲಿದ್ದವರ ಹೆಸರನ್ನು ನಾವು ಅಂಗೈ ಮೇಲೆ ಬರೆದುಕೊಳ್ಳಬಹುದಿತ್ತು.

ಆ 328ರ ಕರುಣ್ ಮರುವರ್ಷ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದರು. ಅದು ಎಲ್ಲರಿಗೂ ನೆನಪಿದೆ. ಮುಂದೆ ಅವರು ಭಾರತ ತಂಡದಿಂದ ಮಾತ್ರವಲ್ಲ, 2022ರ ಹೊತ್ತಿಗೆ ಕರ್ನಾಟಕ ತಂಡದಿಂದಲೂ ಹೊರಬಿದ್ದು, 2023ರಲ್ಲಿ ವಿದರ್ಭಕ್ಕೆ ಹೋದರು. ಆಗ ನಮ್ಮ ಯಾವ ಕೂಟದಲ್ಲಿ ಈ ಬಗ್ಗೆ ಒಂದು ಪ್ರಶ್ನೆ ಎದ್ದಿತು? ಆರ್‌ಸಿಬಿ ಒಬ್ಬ ವಿದೇಶಿ ಆಟಗಾರನನ್ನು ಕೈಬಿಟ್ಟಾಗ ಹಾಕಿದ ಕಣ್ಣೀರಿನ ಒಂದು ಹನಿಯೂ ಇಲ್ಲಿ ಬೀಳಲಿಲ್ಲ. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್ಲಿಗೆ ಕರ್ನಾಟಕದ ಎದುರಾಳಿಯಾಗಿ ಬಂದದ್ದು ವಿದರ್ಭ, ಅದರ ನಾಯಕ ಕರುಣ್, ಆ ಪಂದ್ಯಾವಳಿಯಲ್ಲಿ ಐದು ಶತಕ ಹೊಡೆದವರು. ಫೈನಲ್ ಕರ್ನಾಟಕ ಗೆದ್ದಿತು. ರಣಜಿಯನ್ನು ವಿದರ್ಭ ಗೆದ್ದಿತು.

ಅದೇ ಜನವರಿಯ ಕೊನೆಗೆ ದೆಹಲಿಯ ಕೋಟ್ಲಾದಲ್ಲಿ ಕೊಹ್ಲಿ ಹನ್ನೆರಡು ವರ್ಷಗಳ ಬಳಿಕ ರಣಜಿ ಆಡಿದರು, ರೈಲ್ವೇಸ್ ವಿರುದ್ಧ. ಬೆಳಗಾಗುವ ಮೊದಲೇ ಸಾಲು. ನಮ್ಮ ಪರಿಚಯದ ಎಷ್ಟೋ ಕನ್ನಡಿಗರು ಆರ್‌ಸಿಬಿಯ ಅಂಗಿ ತೊಟ್ಟು ಚಳಿಯಲ್ಲಿ ನಿಂತರು. ಕೊಹ್ಲಿ 6 ರನ್ನಿಗೆ ಬೌಲ್ಡ್ ಆದರು, ಗ್ಯಾಲರಿ ಖಾಲಿಯಾಗತೊಡಗಿತು. ಆ ದಿನಗಳಲ್ಲೇ ಬೆಂಗಳೂರಿನಲ್ಲಿ ಕರ್ನಾಟಕ ಹರಿಯಾಣದ ವಿರುದ್ಧ ತನ್ನ ಕೊನೆಯ ಲೀಗ್ ಪಂದ್ಯ ಆಡುತ್ತಿತ್ತು, ಎಂಟರ ಘಟ್ಟಕ್ಕೆ ಹೋಗಲು ಗೆಲ್ಲಲೇಬೇಕಾಗಿದ್ದ ಪಂದ್ಯ. ಹೋಗಲಿಲ್ಲ. ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬರಿಗೂ ಆ ಸುದ್ದಿ ಗೊತ್ತಿರಲಿಲ್ಲ. ಹೇಳಿದಾಗ ಒಬ್ಬರು "ಅಲ್ಲಿ ಯಾರ್ರೀ ಆಡ್ತಾರೆ ಈಗ?" ಎಂದರು. ರಾಹುಲ್ ಆಡುತ್ತಿದ್ದರು.

ಇಂಗ್ಲಿಷ್ ಎಂಎಯಲ್ಲಿ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಓದಿದ್ದು ಇಂಥ ಕಡೆ ನೆನಪಾಗುತ್ತದೆ. ಪಿಪ್ ಎಂಬ ಹುಡುಗ ತನ್ನ ಭಾಗ್ಯವೆಲ್ಲ ಸಿರಿವಂತ ಮಿಸ್ ಹ್ಯಾವಿಶಾಮಳಿಂದ ಬರುತ್ತಿದೆಯೆಂದು ವರ್ಷಗಟ್ಟಲೆ ನಂಬಿರುತ್ತಾನೆ. ನಿಜವಾಗಿ ಕಳಿಸುತ್ತಿದ್ದವನು, ಜೊತೆಗೆ ಕುಳಿತುಕೊಳ್ಳಲೂ ಪಿಪ್‌ಗೆ ಹೇಸಿಗೆಯಾಗುವಂಥ ಒಬ್ಬ ಗಡೀಪಾರಾದ ಕೈದಿ. ನಮಗೆ ರಾಹುಲರನ್ನು, ಕರುಣರನ್ನು, ಪ್ರಸಿದ್ಧರನ್ನು ಕೊಟ್ಟ ಮನೆ ಯಾವುದೆಂದು ನಾವೂ ಸರಿಯಾಗಿ ಕೇಳಿಕೊಂಡಿಲ್ಲ.

ಹಾಗಾದರೆ ಈ ಋತುವಿನಿಂದ ಏನು ಬಯಸಬೇಕು? ಕಪ್ ಬಂದರೆ ಒಳ್ಳೆಯದು, ಎಂಟು ಸಲ ಬಂದಿದೆ, ಒಂಬತ್ತನೆಯದು ಬರಲಿ. ಆದರೆ ನಮ್ಮ ಬಯಕೆ ಇನ್ನೂ ಬಿಡಿಬಿಡಿಯಾದುದು. ಕರುಣ್ ಕರ್ನಾಟಕಕ್ಕೆ ಮರಳಿದ್ದಾರೆ. ಆ ದಾಂಡಿಗನ ಅನುಭವದಿಂದ ಕಿರಿಯರು ಕಲಿಯುವಷ್ಟು ಕಾಲ ಅವರನ್ನು ಆಡಿಸಬೇಕು. ಹಜಾರೆ ಫೈನಲ್ಲಿನಲ್ಲಿ ಶತಕ, ಪಂಜಾಬಿನ ಎದುರು ರಣಜಿಯಲ್ಲಿ ದ್ವಿಶತಕ ಹೊಡೆದ ಸ್ಮರಣ್ ಎರಡು ಪಂದ್ಯ ಎಡವಿದರೆ ಗಾಬರಿಯಾಗಿ ಕೈಬಿಡಬಾರದು. ಕುಂಬ್ಳೆ, ಚಂದ್ರಶೇಖರ್, ಪ್ರಸನ್ನರ ನಾಡಿನಲ್ಲಿ ಕೊನೆಯ ದಿನ ಪಂದ್ಯ ಗೆಲ್ಲಿಸಬಲ್ಲ ಸ್ಪಿನ್ನರನ್ನು ಹುಡುಕುವ ಕೆಲಸ ಎಲ್ಲಿಯವರೆಗೆ ಬಂತೆಂದು ಆಯ್ಕೆಗಾರರು ಹೇಳಬೇಕು. ಯಾರನ್ನಾದರೂ ಕೈಬಿಟ್ಟರೆ, ಏಕೆಂದು ಆತನಿಗಾದರೂ ತಿಳಿಸಬೇಕು.

ರಣಜಿ ಬೇಸರದ ಆಟ, ನಾಲ್ಕು ದಿನ ಕೂರುವವರಾರು ಎಂಬ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ. ನಾಲ್ಕೂ ದಿನ ಕೂರಬೇಕಾಗಿಯೂ ಇಲ್ಲ. ಬಹುಪಾಲು ಕಡೆ ಪ್ರವೇಶಕ್ಕೆ ಹಣವಿಲ್ಲ. ಪುಣೆ, ಚೆನ್ನೈ, ಹೈದರಾಬಾದಿನವರು ವೇಳಾಪಟ್ಟಿ ನೋಡಿ, ಕರ್ನಾಟಕ ತಂಡ ನಿಮ್ಮೂರಿಗೆ ಬರುತ್ತದೆಯೇ ಎಂದು ಗುರುತು ಹಾಕಿಕೊಳ್ಳಿ. ನಮ್ಮ ಈ ವರ್ಷದ ಎಂಟು ಆಕಸ್ಮಿಕ ರಜೆಗಳಲ್ಲಿ ಮೂರು ಉಳಿದಿವೆ, ಡಿಸೆಂಬರ್ 31ಕ್ಕೆ ಅವು ರದ್ದಾಗುತ್ತವೆ. ರೈಲಿನಲ್ಲಿ ಒಂದು ರಾತ್ರಿಯ ದಾರಿಯೊಳಗೆ ಎಲ್ಲಿ ಆಡಿದರೂ ಹೋಗುವವರಿದ್ದೇವೆ. ಜೊತೆಗೆ ಬರುವವರಿದ್ದರೆ ತಿಳಿಸಿ, ಫ್ಲಾಸ್ಕಿನಲ್ಲಿ ಕಾಫಿ ನಾವು ತರುತ್ತೇವೆ.