ಮೋಟಾರು ಡಿಶ್‌ಗೆ ಹಿತ್ತಲೇ ಮೇಲು

ಊರಿನಿಂದ ಬಂದು ತಿಂಗಳುಗಟ್ಟಲೆ ನಿಲ್ಲುವ ಹಿರಿಯರಿಗೆ ಚಂದನ ವಾಹಿನಿಯನ್ನು ತೋರಿಸಬಹುದೆಂಬ ಆಸೆಯಿಂದ ಮೇನೂತಿನಲ್ಲಿ ಮೋಟಾರು ಡಿಶ್ ಹಾಕಿಸಲು ಹೊರಡುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಚಂದನವನ್ನು ಹೊತ್ತ ಡಿಡಿ ಫ್ರೀ ಡಿಶ್ ಸೇವೆಯು ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಆ ಉಪಗ್ರಹ ಬೆಂಗಳೂರಿನ ಆಕಾಶದಲ್ಲಿ ಬಹು ಎತ್ತರಕ್ಕಿದೆ. ನಮಗೋ, ದಿಗಂತದ ಕೆಳಗಿದೆ. ಯಾವ ಮೋಟಾರೂ ಡಿಶ್ಶನ್ನು ನೆಲದೊಳಗೆ ನೋಡುವಂತೆ ತಿರುಗಿಸಲಾರದು. ಯುರೋಪಿನ ಹಲವು ಭಾಷೆಗಳ ವಾಹಿನಿಗಳಲ್ಲಿ ಆಸಕ್ತಿಯುಳ್ಳವರಿಗೆ ಮಾತ್ರ ಅದು ಸಾರ್ಥಕ.

ಅಂಥವರು ಚಿಮಣಿಯನ್ನು ಬಿಟ್ಟು ಹಿತ್ತಲಿನ ನೆಲದಲ್ಲಿ ಕಂಬ ನೆಡುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಏಣಿಯಿಂದ ಬಿದ್ದವರ ಮಣಿಕಟ್ಟು, ಬೆನ್ನೆಲುಬುಗಳ ಗತಿ ವೈದ್ಯರಾದ ನಮಗೆ ತಿಳಿಯದ್ದಲ್ಲ. ಮೋಟಾರಿನ ಕಂಬ ತೂಕದ ನೂಲಿನಂತೆ ನೆಟ್ಟಗಿರಬೇಕು. ತುಸು ವಾಲಿದರೂ ಉಪಗ್ರಹಗಳ ಸಾಲು ತಪ್ಪುತ್ತದೆ. 2025ರ ಜನವರಿ 24ರ ಎಯೋವಿನ್ ಬಿರುಗಾಳಿಯನ್ನು ಕಂಡವರಿಗೆ ಎತ್ತರದ ಡಿಶ್ ಗಾಳಿಗೆ ಹಾಯಿಯಾಗುವುದನ್ನು ವಿವರಿಸಬೇಕಿಲ್ಲ.

ಕಾನೂನೂ ಹಿತ್ತಲಿನ ಪರವಾಗಿದೆ. ಐರ್ಲೆಂಡಿನ 2001ರ ಯೋಜನಾ ನಿಯಮಗಳಂತೆ ಅನುಮತಿಯಿಲ್ಲದೆ ಮನೆಗೊಂದೇ ಡಿಶ್. ಅಡ್ಡಳತೆ 1 ಮೀಟರ್ ಮೀರಬಾರದು. ಮುಂಗೋಡೆಯ ಮೇಲಾಗಲಿ, ಅದರ ಮುಂದಾಗಲಿ, ಮುಂದಿನ ಮಾಡಿನ ಇಳಿಜಾರಿನಲ್ಲಾಗಲಿ ಇರಕೂಡದು.

ಜಾಗವನ್ನು ಅರಿಯಲು ಸೂರ್ಯನೇ ಸಾಕು. ಮಾರ್ಚ್ ಮೊದಲ ದಿನಗಳಲ್ಲಿ ಸೂರ್ಯನು ಹೆಚ್ಚುಕಡಿಮೆ ಉಪಗ್ರಹಗಳ ಸಾಲಿನಲ್ಲೇ ಸಾಗುತ್ತಾನೆ. ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಡಿಶ್ ಇಡಬೇಕೆಂದಿರುವ ಎತ್ತರದಲ್ಲಿ ನೆರಳು ಬೀಳದಿದ್ದರೆ ಆ ಜಾಗ ಯೋಗ್ಯ. (ಮೇನೂತಿನಲ್ಲಿ ಬಿಸಿಲು ಬಂದರೆ ಎಂಬ ಷರತ್ತು ಇದ್ದೇ ಇದೆ.) ಅಕ್ಟೋಬರ್ ಎರಡನೆಯ ವಾರದಲ್ಲೂ ಹೀಗೆಯೇ, ಆಗ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಅಷ್ಟೆ. ಮರಗಳು ಮಾರ್ಚ್‌ನಲ್ಲಿ ಬೋಳಾಗಿರುವುದರಿಂದ ಅವುಗಳ ಎಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಿತ್ತಲು ಉತ್ತರಕ್ಕಿದ್ದರೆ ತೊಡಕು. ಇಲ್ಲಿ ಉಪಗ್ರಹಗಳ ಸಾಲು ನೇರ ದಕ್ಷಿಣದಲ್ಲೂ ಸುಮಾರು 29 ಡಿಗ್ರಿಗಿಂತ ಮೇಲೇರುವುದಿಲ್ಲ. ಡಿಶ್ಶಿಗಿಂತ 7 ಮೀಟರ್ ಎತ್ತರದ ಸ್ವಂತ ಮನೆಯ ಮಾಡನ್ನು ದಾಟಿ ನೋಡಲು ಕಂಬ ಮಾಡಿನ ನೆತ್ತಿಯಿಂದ 13 ಮೀಟರ್ ದೂರದಲ್ಲಿರಬೇಕು, ಆಗ್ನೇಯದ 28.2 ಡಿಗ್ರಿಯ ಆಸ್ಟ್ರಾ ಬೇಕಿದ್ದರೆ ಇನ್ನೂ ದೂರ. ಅಷ್ಟು ಉದ್ದದ ಹಿತ್ತಲಿಲ್ಲದವರು ಆ ಹಣವನ್ನು ಒಳ್ಳೆಯ ಬ್ರಾಡ್‌ಬ್ಯಾಂಡಿಗೆ ಕೊಡಲಿ. ಅಜ್ಜಿಗೆ ಚಂದನ ದೊರೆಯುವುದೂ ಆ ದಾರಿಯಲ್ಲೇ, ಯೂಟ್ಯೂಬಿನಲ್ಲಿ.