ವೇಗದ ಲೆಕ್ಕದಲ್ಲಿ ಬಿಟ್ಟುಹೋದ ಬಿಟ್‌ಗಳು

ಲಿನಕ್ಸ್ ಕರ್ನೆಲ್ ಸಾಮಾನ್ಯವಾಗಿ ಮೆಮೊರಿಯನ್ನು 4 ಕೆಬಿಯ ಪುಟಗಳಲ್ಲಿ ಹಂಚುತ್ತದೆ. ಅಂಥ 512 ಸೇರಿದರೆ 2 ಎಂಬಿಯ ಒಂದು ದೊಡ್ಡ ಪುಟ. ಪ್ರೊಸೆಸರಿಗೆ ವಿಳಾಸ ಹುಡುಕುವ ಕೆಲಸ ಕಡಿಮೆ, ಪ್ರೋಗ್ರಾಂ ಚುರುಕು. ಆದರೆ ದೊಡ್ಡ ಪುಟ 2 ಎಂಬಿಯ ಗಡಿಯಿಂದಲೇ ಶುರುವಾಗಬೇಕು. ಅದಕ್ಕೇ ಕರ್ನೆಲ್ ದೊಡ್ಡ ಮ್ಯಾಪಿಂಗ್‌ಗಳನ್ನು, ಯಾರೂ ಕೇಳದಿದ್ದರೂ, ಆ ಗಡಿಗೆ ಸರಿಸತೊಡಗಿತು.

ಇದರಲ್ಲಿ ಕಳೆದುಕೊಂಡದ್ದೇನು? ದಾಳಿಕೋರರು ಊಹಿಸದಿರಲೆಂದು ಲೈಬ್ರರಿಯ ವಿಳಾಸವನ್ನು ಪ್ರತಿ ಸಲ ಬದಲಿಸುವ ರಕ್ಷಣೆಯೊಂದಿದೆ. ಗಡಿಗೆ ಕಟ್ಟಿದರೆ ಆ ಬದಲಾವಣೆಯ 9 ಬಿಟ್ ಸೊನ್ನೆ. 64 ಬಿಟ್ ಇಂಟೆಲ್ ಮಾದರಿಯ ಯಂತ್ರದಲ್ಲಿ 28 ಇದ್ದದ್ದು 19ಕ್ಕೆ ಇಳಿಯಿತು. 32 ಬಿಟ್ ಪ್ರೋಗ್ರಾಂಗಳಿಗೆ ಇದ್ದದ್ದೇ 8. 2 ಎಂಬಿ ಮೀರಿದ ಲೈಬ್ರರಿಗೆ ಒಂದೂ ಉಳಿಯಲಿಲ್ಲ. 2024ರಲ್ಲಿ 32 ಬಿಟ್‌ಗೆ ಈ ಕಡ್ಡಾಯ ಸಡಿಲಿಸಿದರು.

‘ಹಳೇ ಯಂತ್ರದ ಚಿಂತೆ ಯಾಕ್ರೀ?’ ಅನ್ನುವವರಿದ್ದಾರೆ. ಹೊಸದು ಕೊಳ್ಳಲಾಗದವರ ಮನೆಯಲ್ಲಿ ಅದೇ ಯಂತ್ರ. ನನ್ನ ತಕರಾರು ವೇಗದ ಮೇಲಲ್ಲ. ಬೆಂಚ್‌ಮಾರ್ಕ್ ಗಳಿಸಿದ ವೇಗವನ್ನು ಅಳೆಯುತ್ತದೆ, ಕಳೆದ ರಕ್ಷಣೆಯನ್ನಲ್ಲ. ವೇಗ ಬೇಕಾದ ಪ್ರೋಗ್ರಾಂ ಕೇಳಿ ಪಡೆಯಲಿ. ಅದಕ್ಕೆ ಕರ್ನೆಲ್‌ನಲ್ಲಿ ದಾರಿಯೂ ಇದೆ. ಕೇಳದವರ ಬಾಗಿಲಿನ ಚಿಲಕ ತೆಗೆದು, ಗಾಳಿ ಚೆನ್ನಾಗಿ ಬರುತ್ತಿದೆ ಎನ್ನಬಾರದು.