ಉಪ್ಪಿನ ಪೊಟ್ಟಣವೂ ಮನೆಯ ಮೆಟ್ಟಿಲೂ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬುದು ನಮ್ಮವರ ಹಳೆಯ ಗಾದೆ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರಿಗೆ ಈ ಎರಡೂ ಒಂದೇ ಡಬ್ಬದಲ್ಲಿ ಕೂಡಿ ಬರುವುದುಂಟು. ರಜೆಗೆ ಹೋಗಿ ಹಿಂದಿರುಗುವಾಗ ತಾಯಿ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ವಿಕ್ರೋಳಿಯ ನಮ್ಮ ಪುಟ್ಟ ಅಡಿಗೆಮನೆಗೆ ಬಂದು ಕುಳಿತ ಮೇಲೆಯೇ ಮನೆಯು ಮನೆಯೆನಿಸುವುದು. ಅವನ್ನು ತಿನ್ನಬೇಡಿರೆಂದು ಹೇಳುವ ಎದೆ ನಮಗಿಲ್ಲ. ಆದರೂ ಈ ಸಲ ಉಪ್ಪಿನ ಮಾತನ್ನೇ ಎತ್ತಬೇಕಾಗಿದೆ.

ನಮ್ಮ ನೆರೆಯ ಗೃಹಸ್ಥರೊಬ್ಬರಿದ್ದಾರೆ. ವಯಸ್ಸು ಇನ್ನೂ ಐವತ್ತು ತುಂಬಿಲ್ಲ. ಒಂದು ದಿನ ತಲೆನೋವೆಂದು ಮಲಗಿದವರಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಚಹದ ಲೋಟ ಅವರ ಕೈಯಿಂದ ಜಾರಿತು, ಬಾಯಿ ಓರೆಯಾಯಿತು, ಮಾತು ತೊದಲಿತು. ಮನೆಯವರು ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ದುದರಿಂದ ಜೀವವುಳಿಯಿತು. ಬಲಗೈ ಮಾತ್ರ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ರಕ್ತದ ಒತ್ತಡ ಬಹಳ ಏರಿತ್ತೆಂದು ವೈದ್ಯರು ಹೇಳಿದರಂತೆ. ಎಷ್ಟು ವರ್ಷಗಳಿಂದ ಏರಿತ್ತು? ಅಳೆಸಿದ್ದರಲ್ಲವೆ ತಿಳಿಯುವುದು!

“ನಮಗೇನಾಗಿದೆ, ಗಟ್ಟಿಯಾಗಿದ್ದೇವೆ” ಎಂದು ನಾವೂ ಅದುವರೆಗೆ ಹೇಳಿಕೊಳ್ಳುತ್ತಿದ್ದೆವು. ಆ ವಾರವೇ ಹೋಗಿ ಅಳೆಸಿದೆವು. ಒಂದು ದಿನ 158/96. ಇನ್ನೊಂದು ದಿನವೂ ಹೆಚ್ಚುಕಡಿಮೆ ಅಷ್ಟೇ. ಬೇರೆ ಬೇರೆ ದಿನ ಅಳೆದಾಗ ಮೇಲಿನ ಅಂಕಿ 140 ಅಥವಾ ಕೆಳಗಿನದು 90, ಇಲ್ಲವೆ ಅದಕ್ಕೂ ಹೆಚ್ಚು ಬಂದರೆ ಅದು ಏರೊತ್ತಡ. ಇದಕ್ಕೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಒಳಗೇ ಇದ್ದು ಹೃದಯವನ್ನೂ ಮಿದುಳನ್ನೂ ಮೂತ್ರಪಿಂಡಗಳನ್ನೂ ಸವೆಯಿಸುತ್ತದೆ.

ಇದಕ್ಕೂ ಉಪ್ಪಿಗೂ ಏನು ನಂಟು? ಹೆಚ್ಚು ಉಪ್ಪು ಒಳಗೆ ಹೋದಾಗ ದೇಹವು ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ರಕ್ತನಾಳಗಳ ಮೇಲೆ ಭಾರ ಹೆಚ್ಚುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಸುಮಾರು ಒಂದು ಸಣ್ಣ ಚಮಚ. ಸೈಂಧವ ಲವಣವಾದರೆ ಬಾಧಕವಿಲ್ಲವೆಂದು ಕೆಲವರು ತಿಳಿದಿದ್ದಾರೆ; ಬಣ್ಣ ಬೇರೆಯಾದರೂ ಅದೂ ಉಪ್ಪೇ.

ದಿನದಿನವೂ ಚಮಚ ಹಿಡಿದು ಅಳೆಯುವವರಾರು ಎಂದು ಗೃಹಿಣಿಯರು ಕೇಳಬಹುದು. ನಮ್ಮಾಕೆ ಒಂದು ಉಪಾಯ ಕಂಡುಕೊಂಡರು. ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಟ್ಟರು. ದೊಡ್ಡವರು ನಾಲ್ವರಿರುವ ಮನೆಗೆ ದಿನಕ್ಕೆ 20 ಗ್ರಾಮಿನಂತೆ ಒಂದು ಕಿಲೋ 50 ದಿನ ಬರಬೇಕು. ನಮ್ಮಲ್ಲಿ ಅದು 31ನೆಯ ದಿನಕ್ಕೇ ಮುಗಿದಿತ್ತು! ಉಪ್ಪಿನಕಾಯಿ, ಹಪ್ಪಳ, ಒಣಮೀನು, ಸ್ಟೇಷನ್ನಿನ ವಡಾಪಾವು, ಸಂಜೆಯ ಫರಸಾಣ, ಇವೆಲ್ಲ ಲೆಕ್ಕದ ಹೊರಗೆ. ಅಂದಿನಿಂದ ಊಟದ ಮೇಜಿನ ಮೇಲಿನ ಉಪ್ಪಿನ ಬಟ್ಟಲು ಒಳಗೆ ಹೋಯಿತು. ಅನ್ನಕ್ಕೂ ಚಪಾತಿಯ ಹಿಟ್ಟಿಗೂ ಉಪ್ಪು ನಿಂತಿತು. ಸಾರಿಗೆ ನಿಂಬೆಹಣ್ಣಿನ ಹುಳಿ ಬಂದಿತು. ಮೊದಲ ವಾರ ನಾವು ಮುಖ ಗಂಟಿಕ್ಕಿದ್ದು ನಿಜ. ತಿಂಗಳು ಕಳೆಯುವಷ್ಟರಲ್ಲಿ ನಾಲಿಗೆ ಒಪ್ಪಿಕೊಂಡಿತು.

“ನಮ್ಮ ತಂದೆಯವರು ಗಂಜಿಯೂಟ, ಉಪ್ಪಿನಕಾಯಿಯಲ್ಲೇ ಎಂಬತ್ತು ವರ್ಷ ಬಾಳಲಿಲ್ಲವೆ?” ಎಂದು ವಾದಿಸುವವರುಂಟು. ಬಾಳಿರಬಹುದು. ಆದರೆ ಅವರು ದಿನವಿಡೀ ಗದ್ದೆಯಲ್ಲಿ ನಡೆದರು. ನಾವು ಊರಿನ ಊಟವನ್ನು ತಂದೆವು, ಊರಿನ ನಡಿಗೆಯನ್ನು ಅಲ್ಲೇ ಬಿಟ್ಟೆವು. ಕನ್ನಮ್ವಾರ್ ನಗರದ ಲಿಫ್ಟಿಲ್ಲದ ಹಳೆಯ ಕಟ್ಟಡಗಳಲ್ಲಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಹಲವರು. ಈಗ ಅಂಥ ಎಷ್ಟೋ ಕಟ್ಟಡಗಳಿದ್ದಲ್ಲಿ ಎತ್ತರದ ಗೋಪುರಗಳೆದ್ದಿವೆ. ಲಿಫ್ಟು ವೃದ್ಧರಿಗೆ ವರವೇ ಸರಿ. ಮೊದಲ ಮಹಡಿಗೂ ಗುಂಡಿಯೊತ್ತುವ ತರುಣರಿಗೆ ಏನೆನ್ನೋಣ?

ಲಂಡನ್ನಿನ ಬಸ್ಸು ನೌಕರರನ್ನು ಪರಿಶೀಲಿಸಿ ಡಾ. ಜೆರಿ ಮಾರಿಸರು 1953ರಲ್ಲಿ ಒಂದು ವರದಿ ಪ್ರಕಟಿಸಿದರು. ಎರಡು ಅಂತಸ್ತಿನ ಬಸ್ಸುಗಳಲ್ಲಿ ಹತ್ತಿ ಇಳಿಯುತ್ತಿದ್ದ ಕಂಡಕ್ಟರರಿಗಿಂತ ಕುಳಿತೇ ದುಡಿಯುತ್ತಿದ್ದ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಚಾಲಕರ ಸಮವಸ್ತ್ರದ ಸೊಂಟದಳತೆಯೂ ದೊಡ್ಡದಿತ್ತೆಂದು 1956ರಲ್ಲಿ ತೋರಿಸಿದರು; ಆದುದರಿಂದ ಮೆಟ್ಟಿಲೊಂದೇ ಕಾರಣವೆನ್ನುವಂತಿಲ್ಲ. ಆದರೆ ಮೈಯಾಡಿಸಿದರೆ ಹೃದಯಕ್ಕೆ ಒಳ್ಳೆಯದೆಂಬ ಮಾತು ಆಮೇಲಿನ ಅನೇಕ ಪರಿಶೀಲನೆಗಳಿಂದ ಗಟ್ಟಿಯಾಗಿದೆ. ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಾದರೂ ಬೇಕು. ಐದು ದಿನ ಅರ್ಧ ಗಂಟೆ, ಅಷ್ಟೇ. ಸ್ಟೇಷನ್ನಿಗೆ ರಿಕ್ಷಾ ಬಿಟ್ಟು ನಡೆದರೆ ಅದರಲ್ಲಿ ಒಂದು ಪಾಲು ಸಂದಿತು. ಹೃದ್ರೋಗ, ಮಂಡಿನೋವು ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ತೊಡಗಬೇಕು.

ನಮ್ಮ ಒತ್ತಡ ಈಗ ಇಳಿದಿದೆ. ಬರಿಯ ಪಥ್ಯದಿಂದಲ್ಲ, ವೈದ್ಯರು ಕೊಟ್ಟ ಮಾತ್ರೆಯೂ ಉಂಟು. ಒತ್ತಡ ಇಳಿಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸುವ ಜಾಣತನ ಬೇಡ. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಅಳೆಸಿಕೊಳ್ಳಲಿ. ಅಳೆಸುವ ಮುನ್ನ ಅರ್ಧ ಗಂಟೆ ಚಹಾ, ಕಾಫಿ, ಬೀಡಿ ಬೇಡ. ಐದು ನಿಮಿಷ ಮಾತಿಲ್ಲದೆ ಕುಳಿತಿರಬೇಕು.

ಮೊನ್ನೆ ನೆರೆಯವರು ಎಡಗೈಯಲ್ಲಿ ಚಹದ ಲೋಟ ಹಿಡಿದು ನಮಗೆ ಉಪಚಾರ ಮಾಡಿದರು. “ಐದು ನಿಮಿಷದ ಕೆಲಸವಾಗಿತ್ತು ಸ್ವಾಮಿ” ಎಂದರು. ಅವರ ಆ ಮಾತನ್ನು ವಾಚಕರಿಗೆ ಮುಟ್ಟಿಸುವುದಕ್ಕಾಗಿಯೇ ಇಷ್ಟು ಬರೆದೆವು. ಮುಂದಿನ ಸಂಚಿಕೆ ಕೈಸೇರುವ ಹೊತ್ತಿಗೆ ತಮ್ಮ ಮನೆಯ ಉಪ್ಪಿನ ಪೊಟ್ಟಣ ಎಷ್ಟು ದಿನ ಬಂದಿತೆಂಬುದನ್ನು ನಮಗೆ ತಿಳಿಸಿರಿ.